ಬಾಯಿ ಬಿಡದ ಪೆಟ್ಟಿಗೆ

ರುಂಫಿ
ಮಾರ್ಚ್ 11, 2019

ಲಾಸ್ಟನ್,

ನೀನು ಜೊಂಬಾದಿಂದ ಕಳಿಸಿದ ಕಂಪ್ಯೂಟರು ಶುಕ್ರವಾರದ ಬಸ್ಸಿಗೆ ಬಂದು ತಲುಪಿತು. ದಾರಿಯಲ್ಲಿ ಏನೂ ಒಡೆದಿಲ್ಲ. ಉಪಕಾರವಾಯಿತು. ಆದರೆ ಉಪಕಾರ ಅಲ್ಲಿಗೇ ಮುಗಿಯಿತು, ಏಕೆಂದರೆ ಅದು ಮಾತಾಡುತ್ತಿಲ್ಲ.

ಜೊತೆಗೆ ನೀನಿಟ್ಟ ಬ್ರೈಲ್ ಹಾಳೆಯಲ್ಲಿ, ಗುಂಡಿ ಒತ್ತಿ ಐವತ್ತರವರೆಗೆ ಎಣಿಸು, ಓರ್ಕಾ ತಾನಾಗಿ ಮಾತಾಡುತ್ತದೆ ಎಂದು ಬರೆದಿದೆ. ಕಂಪ್ಯೂಟರಿನಲ್ಲಿ ಇರುವುದನ್ನೆಲ್ಲ ನಮ್ಮಂಥ ಕುರುಡರಿಗೆ ಓದಿ ಹೇಳುತ್ತದಂತೆ ಈ ಓರ್ಕಾ. ನಾನು ಐವತ್ತು ಎಣಿಸಿದೆ. ನೂರು ಎಣಿಸಿದೆ. ಐನೂರಕ್ಕೆ ಬರುವಷ್ಟರಲ್ಲಿ ಕರೆಂಟು ಹೋಯಿತು. ಮತ್ತೆ ಬಂದಾಗ ಮತ್ತೆ ಎಣಿಸಿದೆ. ಒಳಗೆ ಫ್ಯಾನು ಗುಂಯ್ ಎನ್ನುತ್ತದೆ, ಪೆಟ್ಟಿಗೆ ಬೆಚ್ಚಗಾಗುತ್ತದೆ, ಅದಕ್ಕಿಂತ ಹೆಚ್ಚಿನದೇನೂ ಆಗುವುದಿಲ್ಲ. ನನ್ನ ತರಗತಿಯಲ್ಲಿ ನಲವತ್ತೆಂಟು ಮಕ್ಕಳಿದ್ದಾರೆ. ಅವರಲ್ಲಿ ಒಬ್ಬರಾದರೂ ಇಷ್ಟು ಚೆನ್ನಾಗಿ ಬಾಯಿ ಮುಚ್ಚಿಕೊಂಡಿದ್ದರೆ ನಾನು ಇನ್ನೂ ಹತ್ತು ವರ್ಷ ಪಾಠ ಮಾಡುತ್ತಿದ್ದೆ.

ಊರಿಗೆಲ್ಲ ಒಂದು ದಾರಿಯಾದರೆ ನಿನಗೇ ಒಂದು ದಾರಿ. ಎಲ್ಲರೂ ಬಳಸುವುದನ್ನು ಬಿಟ್ಟು ಈ ಲಿನಕ್ಸ್ ಅನ್ನು ಯಾಕೆ ತುಂಬಿದೆ? ನಮ್ಮ ಹೆಡ್‌ಮಾಸ್ಟರು ಅದರ ಹೆಸರೇ ಕೇಳಿಲ್ಲವಂತೆ.

ಮೂರು ಸಲ ನಿನ್ನ ತರಬೇತಿ ಕೇಂದ್ರಕ್ಕೆ ಫೋನು ಮಾಡಿದೆ. ಮೂರು ಸಲವೂ ಅಲ್ಲಿ ಫೋನು ತೆಗೆಯುವ ಹೆಂಗಸು "ಸರ್ ಕ್ಲಾಸಲ್ಲಿದಾರೆ" ಎಂದಳು. ಅಷ್ಟೆಲ್ಲ ಪಾಠ ಮಾಡುವವನಲ್ಲ ನೀನು, ನನಗೆ ಗೊತ್ತು. ಬೇಗ ಬರೆ. ಇದು ಮಾತಾಡಲೇಬೇಕು, ನನಗೆ ತುರ್ತಿದೆ.

ಯೋತಾಮು ಲುಹಾಂಗಾ


ಜೊಂಬಾ
ಮಾರ್ಚ್ 25

ಯೋತಾಮು,

ಫೋನಿನಲ್ಲಿ ನಿನ್ನ ದನಿ ಕೇಳಲು ನನಗೆ ಮನಸ್ಸಿಲ್ಲ. ಸುತ್ತಿ ಬಳಸಿ ಹೇಳುವುದು ನನಗೆ ಬಾರದು, ಆದ್ದರಿಂದ ನೇರವಾಗಿ ಹೇಳಿದ್ದೇನೆ.

ನನ್ನ ಎಸ್ನಾತ್ ತೀರಿಹೋಗಿ ಹದಿನಾಲ್ಕು ತಿಂಗಳಾಯಿತು. ಅಪ್ಪ ಅಮ್ಮ ಇಲ್ಲದ ನನಗೆ ಹೆಣ್ಣು ಕೇಳಲು ಬಂದು, ಅವಳ ಸೋದರಮಾವಂದಿರ ಎದುರು ಚಾಪೆಯ ಮೇಲೆ ಕೂತು, ಈ ಮದುವೆಗೆ ನಾನು ಅಂಕೊಸ್ವೆ, ಹುಡುಗನ ಕಡೆಯ ಹಿರಿಯ, ಇದರ ಹೊಣೆ ನನ್ನದು ಎಂದವನು ನೀನು. ಅವಳನ್ನು ಮಣ್ಣು ಮಾಡುವ ದಿನ ಆ ಚಾಪೆಯ ಮೇಲೆ ನಿನ್ನ ಜಾಗ ಖಾಲಿ ಇತ್ತು. ಆಮೇಲೆ ನಿನಗೊಂದು ಉದ್ದನೆಯ ಈಮೇಲ್ ಬರೆದೆ. ಅದರಲ್ಲಿ ಒಂದು ವಿಷಯ ಕೇಳಿದ್ದೆ. ನೀನು ನಾಲ್ಕು ಮಾತಿನ ಸಂತಾಪ ಕಳಿಸಿ ಸುಮ್ಮನಾದೆ.

ಕಂಪ್ಯೂಟರು ನಾನು ಕೊಟ್ಟದ್ದಲ್ಲ. ನಮ್ಮ ಕೇಂದ್ರ ಹನ್ನೊಂದು ಕುರುಡು ಶಿಕ್ಷಕರಿಗೆ ಕೊಟ್ಟಿತು. ಪಟ್ಟಿಯಲ್ಲಿ ನಿನ್ನ ಹೆಸರಿತ್ತು. ಲಿನಕ್ಸ್ ಹಾಕಿದ್ದು ಏಕೆಂದರೆ ಅದಕ್ಕೂ ಓರ್ಕಾಕ್ಕೂ ಯಾರಿಗೂ ದುಡ್ಡು ಕೊಡಬೇಕಿಲ್ಲ. ನಿಮ್ಮ ಹೆಡ್‌ಮಾಸ್ಟರು ಕೇಳದ ಹೆಸರು ಲೋಕದಲ್ಲಿ ಬೇಕಾದಷ್ಟಿವೆ.

ಈಗ ಕೆಲಸ. ಪೆಟ್ಟಿಗೆಯ ಬೆನ್ನು ತಡವು. ಸಾಲಾಗಿ ಮೂರು ಸಣ್ಣ ತೂತುಗಳಿವೆ. ನಡುವಿನದ್ದರಲ್ಲಿ ಸ್ಪೀಕರಿನ ತಂತಿ ಇರಬೇಕು. ಸ್ಪೀಕರಿನ ತಿರುಗಣೆ ಪೂರ್ತಿ ಬಲಕ್ಕಿರಲಿ. ನೂರು ಎಣಿಸಿದ ಮೇಲೆ, ಕೆಳಸಾಲಿನ ಎಡತುದಿಯ ಕಂಟ್ರೋಲ್ ಬಿಟ್ಟು ಅದರ ಪಕ್ಕದ ಕೀಲಿ, ಅದರ ಪಕ್ಕದ ಆಲ್ಟ್, ಎಸ್, ಈ ಮೂರನ್ನೂ ಒಟ್ಟಿಗೆ ಒತ್ತು. ಓರ್ಕಾ ಎದ್ದೇಳುತ್ತದೆ. ಉಳಿದ ಹತ್ತು ಊರುಗಳಲ್ಲಿ ಎದ್ದಿದೆ.

ಲಾಸ್ಟನ್ ಕುಮ್ವೆಂಡಾ


ರುಂಫಿ
ಏಪ್ರಿಲ್ 8

ಲಾಸ್ಟನ್,

ತಂತಿ ನಡುವಿನ ತೂತಿನಲ್ಲೇ ಇದೆ. ಆದರೂ ಎಡದ್ದರಲ್ಲಿ ಹಾಕಿ ನೋಡಿದೆ, ಬಲದ್ದರಲ್ಲಿ ಹಾಕಿ ನೋಡಿದೆ. ತಂತಿಯನ್ನು ಹೊರಗೆಳೆದು ತುದಿಯ ಲೋಹಕ್ಕೆ ಬೆರಳು ಮುಟ್ಟಿಸಿದರೆ ಸ್ಪೀಕರು ಬರ್ರ್ ಎನ್ನುತ್ತದೆ. ಅಂದರೆ ಸ್ಪೀಕರು ಬದುಕಿದೆ. ಆ ಬರ್ರ್ ಕೇಳಿ ನನಗೆಷ್ಟು ಸಂತೋಷವಾಯಿತೆಂದರೆ ಹತ್ತು ಸಲ ಮುಟ್ಟಿದೆ. ನನ್ನ ಸ್ಥಿತಿ ಇಲ್ಲಿಗೆ ಬಂದಿದೆ.

ಆ ಮೂರು ಕೀಲಿಗಳನ್ನು ಒತ್ತೊತ್ತಿ ಬೆರಳು ಸೊಟ್ಟಗಾಗಿವೆ. ಬೆಳಿಗ್ಗೆ ಶಾಲೆಗೆ ಹೋಗುವ ಮೊದಲು ಒತ್ತುತ್ತೇನೆ, ಬಂದ ಮೇಲೆ ಒತ್ತುತ್ತೇನೆ. ನಿನ್ನೆ ಚರ್ಚಿನಲ್ಲಿ ಪ್ರಾರ್ಥನೆಗೆ ಕೈ ಜೋಡಿಸಿದಾಗಲೂ ಅವು ಅದೇ ಆಕಾರಕ್ಕೆ ಬಂದವು. ಪಕ್ಕದಲ್ಲಿದ್ದವರು "ಏನಾಯ್ತು ಮೇಷ್ಟ್ರೇ, ವಾತನಾ?" ಎಂದು ಕೇಳಿದರು. ಹೌದು ಎಂದೆ. ಲಿನಕ್ಸ್ ಎಂದರೆ ಅವರಿಗೆ ತಿಳಿಯಬೇಕಲ್ಲ.

ಈ ಹಾಳೆಯ ಮಧ್ಯದಲ್ಲಿ ತೂತುಗಳಾಗಿದ್ದರೆ, ಅದು ನಾನು ಬ್ರೈಲ್ ಬರೆಯುವ ಮೊಳೆಯನ್ನು ಸಿಟ್ಟಿನಲ್ಲಿ ಚುಚ್ಚಿದ್ದು. ಓದಲು ಕಷ್ಟವಾದರೆ ತಪ್ಪು ನಿನ್ನದೇ.

ಆ ಈಮೇಲಿನ ಮಾತು ಎತ್ತಿದ್ದೀಯ. ಅದಕ್ಕೆ ಈಗ ಉತ್ತರ ಕೊಡಲಾರೆ. ಈ ಪೆಟ್ಟಿಗೆ ಬಾಯಿ ಬಿಟ್ಟ ದಿನ ಕೊಡುತ್ತೇನೆ.

ಯೋತಾಮು


ಜೊಂಬಾ
ಏಪ್ರಿಲ್ 22

ಯೋತಾಮು,

ನಾನು ಕೇಳಿದ್ದಕ್ಕೆ ಉತ್ತರ ಕೊಡಲು ನಿನಗೆ ಕಂಪ್ಯೂಟರು ಮಾತಾಡಬೇಕೆ? ನಿನಗೆ ಬಾಯಿ ಇಲ್ಲವೆ, ಕೈ ಇಲ್ಲವೆ? ಇಂಥ ನೆಪವನ್ನು ನಿನ್ನ ನಲವತ್ತೆಂಟು ಮಕ್ಕಳೂ ಹೇಳಲಿಕ್ಕಿಲ್ಲ.

ನಾನು ಇನ್ನೂ ಅತ್ತೆಯ ಮನೆಯಲ್ಲೇ ಇದ್ದೇನೆ. ಎಸ್ನಾತ್ ಮಲಗುತ್ತಿದ್ದ ಕೋಣೆಯಲ್ಲೇ ಮಲಗುತ್ತೇನೆ. ಅತ್ತೆ ದಿನವೂ ನನಗೆ ನ್ಸಿಮಾ ಮುದ್ದೆ ಬಡಿಸುತ್ತಾರೆ. ಯಾವ ನಂಟಿನ ಮೇಲೆ ಬಡಿಸುತ್ತೀರಿ ಎಂದು ನಾನು ಕೇಳಿಲ್ಲ, ಅವರೂ ಹೇಳಿಲ್ಲ.

ಕೆಲಸದ ಮಾತಿಗೆ ಬರೋಣ. ಸ್ಪೀಕರು ಸರಿ ಇದ್ದರೆ ದೋಷ ಒಳಗಿದೆ. ಕಿಟಕಿ, ಚಿತ್ರ, ಬಣ್ಣ ಯಾವುದೂ ಇಲ್ಲದ ಒಂದು ಬರಿ ಅಕ್ಷರದ ಕೋಣೆ ಈ ಯಂತ್ರದಲ್ಲಿದೆ. ಅಲ್ಲಿಗೆ ಹೋಗಲು ಕಂಟ್ರೋಲ್, ಆಲ್ಟ್ ಮತ್ತು ಎಫ್-ಮೂರು ಎಂಬ ಕೀಲಿ ಒಟ್ಟಿಗೆ ಒತ್ತು. ನಿನ್ನ ಹೆಸರು ಟೈಪು ಮಾಡು, ಎಂಟರ್ ಒತ್ತು. ಗುಟ್ಟಿನ ಪದ ಟೈಪು ಮಾಡು, ಎಂಟರ್ ಒತ್ತು. ಆಮೇಲೆ ಈ ಹಾಳೆಯ ಹಿಂದೆ ಚುಚ್ಚಿರುವ ಅಪ್ಪಣೆಯನ್ನು ಒಂದಕ್ಷರವೂ ತಪ್ಪದೆ ಟೈಪು ಮಾಡು. ಬೋರ್ಡಿಂಗ್ ಶಾಲೆಯಲ್ಲಿ ಟೈಪಿಂಗಿಗೆ ಪ್ರತಿವರ್ಷ ನಿನಗೇ ಬಹುಮಾನ ಬರುತ್ತಿತ್ತಲ್ಲ, ಈಗ ತೋರಿಸು. ಯಂತ್ರಕ್ಕೆ ದನಿ ಇದ್ದರೆ ಅದು ನಿನಗೆ 'ಮೋನಿ' ಎಂದು ನಮಸ್ಕಾರ ಹೇಳಬೇಕು.

ಅದೂ ಆಗದಿದ್ದರೆ ನ್ಯಾಗೊಂಡ್ವೆಯನ್ನು ಪಕ್ಕದಲ್ಲಿ ಕೂರಿಸಿಕೊಂಡು ನೋಡಿಸು. ನಿನ್ನ ಹೆಂಡತಿಗೆ ಎರಡು ಒಳ್ಳೆಯ ಕಣ್ಣುಗಳಿವೆ.

ಲಾಸ್ಟನ್


ರುಂಫಿ
ಮೇ 6

ಲಾಸ್ಟನ್!

ಮೋನಿ ಎಂದಿತು! ಮೂಗು ಕಟ್ಟಿದ ಪರದೇಶಿಯ ದನಿಯಲ್ಲಿ, ಒಂದೇ ಒಂದು ಸಲ, ಮೋನಿ ಎಂದಿತು. ನಾನೂ ಬೆಚ್ಚಿ "ಮೋನಿ, ಚೆನ್ನಾಗಿದೀರಾ?" ಎಂದುಬಿಟ್ಟೆ. ಅದು ಮುಂದೇನೂ ಹೇಳಲಿಲ್ಲ.

ಆಮೇಲೆ ನಿನ್ನ ಹಾಳೆಯಲ್ಲಿದ್ದಂತೆ ಈಮೇಲ್ ಇರುವ ದೊಡ್ಡ ಕೋಣೆಗೆ ವಾಪಸು ಬಂದೆ. ಮೂರು ಕೀಲಿ ಒತ್ತಿದೆ. ಉಸಿರಿಲ್ಲ. ಮತ್ತೆ ಅಕ್ಷರದ ಕೋಣೆಗೆ ಹೋದರೆ ಮೋನಿ. ದೊಡ್ಡ ಕೋಣೆಗೆ ಬಂದರೆ ಮೌನ. ಒಂದು ಭಾನುವಾರವಿಡೀ ಇದೇ ಆಯಿತು. ಹಾಗಾದರೆ ಇದಕ್ಕೆ ಮಾತು ಬರುತ್ತದೆ, ನನ್ನೊಡನೆ ಆಡುವ ಮನಸ್ಸಿಲ್ಲ. ಮೂಕವಾಗಿದ್ದಾಗಲೇ ವಾಸಿಯಿತ್ತು. ಈಗ ಹೊಟ್ಟೆ ಉರಿಯುತ್ತಿದೆ.

ನ್ಯಾಗೊಂಡ್ವೆಯನ್ನು ಕರೆಯುವುದಿಲ್ಲ. ಇದರಲ್ಲಿ ಅವಳ ಕಣ್ಣು ಬೇಡ. ಯಾಕೆ ಎಂದು ಕೇಳಬೇಡ.

ನೀನು ಅತ್ತೆಯ ಮನೆಯಲ್ಲೇ ಇದ್ದೀಯ ಎಂದು ನನಗೆ ತಿಳಿದಿರಲಿಲ್ಲ. ನಿಜಕ್ಕೂ ತಿಳಿದಿರಲಿಲ್ಲ.

ಯೋತಾಮು


ಜೊಂಬಾ
ಮೇ 20

ಯೋತಾಮು,

ತಿಳಿದಿರಲಿಲ್ಲವೆ? ಆ ಈಮೇಲಿನಲ್ಲಿ ಅರ್ಧ ಅದೇ ಇತ್ತು. ನೀನು ಓದಿದ್ದೇನು ಹಾಗಾದರೆ?

ನಿನ್ನ ಕಂಪ್ಯೂಟರಿನಿಂದಾಗಿ ನಾನು ಇಲ್ಲಿ ನಗೆಪಾಟಲಾಗಿದ್ದೇನೆ. ಮೂರು ದಿನ ರಜೆ ಹಾಕಿ, ಅದೇ ಜಾತಿಯ ಇನ್ನೊಂದು ಪೆಟ್ಟಿಗೆಯನ್ನು ಎದುರಿಟ್ಟುಕೊಂಡು, ನೀನು ಮಾಡಿದ್ದನ್ನೆಲ್ಲ ನಾನೂ ಮಾಡಿದೆ. ಇಪ್ಪತ್ತು ಸಲ ಆರಿಸಿ ಹಚ್ಚಿದೆ. ಇಪ್ಪತ್ತು ಸಲವೂ ಓರ್ಕಾ ಗಿಳಿಯ ಹಾಗೆ ಮಾತಾಡಿತು. ಲಿಲೊಂಗ್ವೆಯ ಗೆಳೆಯನೊಬ್ಬನನ್ನು ಕೇಳಿದೆ. "ಕಂಪ್ಯೂಟರ್ ಸರಿಯಾಗಿದೆ ಮಾರಾಯಾ, ಮೊದಲು ಆ ಮೇಷ್ಟ್ರನ್ನ ರಿಪೇರಿ ಮಾಡ್ಸು" ಎಂದ.

ನನಗೆ ತೋಚುವುದು ಇಷ್ಟೇ: ನಿನ್ನ ಯಂತ್ರದಲ್ಲಿ ಆ ದೊಡ್ಡ ಕೋಣೆಯ ಬಾಗಿಲೇ ತೆರೆಯುತ್ತಿಲ್ಲ. ಯಾಕೆ ಎಂಬುದನ್ನು ಯಂತ್ರವೇ ಪರದೆಯ ಮೇಲೆ ಬರೆದು ತೋರಿಸುತ್ತಿರಬೇಕು. ಅದನ್ನು ಓದಲು ಕಣ್ಣಿರುವವರೇ ಬೇಕು. ಹಟ ಸಾಕು. ನ್ಯಾಗೊಂಡ್ವೆಯನ್ನು ಕರೆದು, ಪರದೆಯ ಮೇಲೆ ಏನಿದೆ ಎಂದು ಓದಿಸಿ ನನಗೆ ಬರೆ. ಬರೆಯಲಾಗದಿದ್ದರೆ ಕಂಪ್ಯೂಟರನ್ನು ಬಸ್ಸಿಗೆ ಹಾಕಿ ವಾಪಸು ಕಳಿಸು. ಪಟ್ಟಿಯಲ್ಲಿ ಹನ್ನೆರಡನೆಯವರು ಕಾಯುತ್ತಿದ್ದಾರೆ.

ಲಾಸ್ಟನ್


ರುಂಫಿ
ಜೂನ್ 3

ಲಾಸ್ಟನ್,

ಯಾವ ಪರದೆ?

ಪೆಟ್ಟಿಗೆ ಬಿಚ್ಚಿದ ದಿನವೇ ನಾನು ಅದನ್ನು ನ್ಯಾಗೊಂಡ್ವೆಗೆ ಕೊಟ್ಟುಬಿಟ್ಟೆ. ಬಸ್ ನಿಲ್ದಾಣದ ಹತ್ತಿರ ಅವಳದೊಂದು ಚಹಾದಂಗಡಿ ಇದೆಯಲ್ಲ, ಅಲ್ಲಿ ಡಿಶ್ ಡಬ್ಬಿಗೆ ಜೋಡಿಸಿ ಗೋಡೆಗೆ ನೇತು ಹಾಕಿದ್ದಾಳೆ. ಜನ ಎಣ್ಣೆಯಲ್ಲಿ ಕರಿದ ಮಂದಾಸಿ ತಿನ್ನುತ್ತಾ ಫುಟ್‌ಬಾಲ್ ನೋಡುತ್ತಾರೆ. ಮೇಜಿನ ಮೇಲೆ ಅರ್ಧ ಜಾಗ ತಿನ್ನುವ ಆ ಗಾಜಿನ ಹಲಗೆ ಇಟ್ಟುಕೊಂಡು ನಾನು ಏನು ಮಾಡಲಿ? ಒರೆಸಿಕೊಂಡು ಕೂರಲೆ? ಕಂಪ್ಯೂಟರು ಕುರುಡರಿಗೆಂದೇ ಕೊಟ್ಟದ್ದು. ಅದರ ಜೊತೆ ಪರದೆ ಯಾಕೆ ಕಳಿಸಿದರೋ ಎಂದು ನಿಮ್ಮ ಕೇಂದ್ರದವರ ಬಗ್ಗೆ ನಕ್ಕಿದ್ದೆ ಕೂಡ.

ಇನ್ನೊಂದು ಮಾತು. ಅದನ್ನೂ ಇವತ್ತೇ ಹೇಳಿ ಮುಗಿಸುತ್ತೇನೆ. ಈ ಹಾಳೆಯನ್ನು ಅವಳು ಓದಲಾರಳು, ಅವಳಿಗೆ ಬ್ರೈಲ್ ಬಾರದು, ಅದಕ್ಕೇ ಧೈರ್ಯ.

ಎಸ್ನಾತ್ ಹೋದ ದಿನ ನಾನು ಆಸ್ಪತ್ರೆಯಲ್ಲಿದ್ದೆ. ಮಲೇರಿಯಾ ತಲೆಗೆ ಏರಿ ಮೂರು ದಿನ ನನಗೆ ಎಚ್ಚರವಿರಲಿಲ್ಲ. ನಿನ್ನ ನಾದಿನಿಯ ಫೋನನ್ನು ನ್ಯಾಗೊಂಡ್ವೆ ತೆಗೆದುಕೊಂಡಳು, ಹೇಳುತ್ತೇನೆ ಎಂದಳು, ಹೇಳಲಿಲ್ಲ. ಎಲ್ಲ ಮುಗಿದು ಹನ್ನೆರಡು ದಿನವಾದ ಮೇಲೆ ಹೇಳಿದಳು. ನಾನು ಕೂಗಾಡಿದೆ. ಅವಳು, "ಹೇಳಿದ್ರೆ ನೀವು ಸೂಜಿ ಕಿತ್ತುಹಾಕಿ ಬಸ್ ಹತ್ತಿರ್ತಿದ್ರಿ. ಜೊಂಬಾ ತಲುಪೋ ಮುಂಚೆ ದಾರೀಲೇ ಹೋಗ್ತಿದ್ರಿ. ಎರಡು ಹೆಣ ಆಗ್ತಿತ್ತು. ಬೈಕೊಳ್ಳಿ ಎಷ್ಟು ಬೇಕೋ ಅಷ್ಟು" ಎಂದಳು. ಅವಳು ಹೇಳಿದ್ದು ನಿಜ, ನಾನು ಹತ್ತಿರುತ್ತಿದ್ದೆ. ಹೆಂಡತಿ ಹೇಳಲಿಲ್ಲ ಎಂದು ಗೆಳೆಯನಿಗೆ ಹೇಗೆ ಬರೆಯುವುದು? ಬರೆಯಲಿಲ್ಲ.

ಆಮೇಲೆ ನಿನ್ನ ಈಮೇಲ್ ಬಂತು. ನನ್ನ ಫೋನಿಗೆ ಈಮೇಲ್ ಬರುವುದಿಲ್ಲ, ಅವಳ ಫೋನಿನಲ್ಲಿ ಅವಳೇ ಓದಿ ಹೇಳಬೇಕು. ಅವಳು ಓದಿದ್ದು ನಾಲ್ಕು ಸಾಲು: ಎಸ್ನಾತ್ ಹೋದಳು, ಜ್ವರ ಇತ್ತು, ಮಣ್ಣಾಯಿತು, ಪ್ರಾರ್ಥಿಸು. ಆದರೆ ಓದಲು ಶುರು ಮಾಡುವ ಮೊದಲು ಅವಳು ಬಹಳ ಹೊತ್ತು ಸುಮ್ಮನೆ ಕೂತಿದ್ದಳು. ಒಲೆಯ ಮೇಲೆ ನೀರು ಕುದಿದು ಉಕ್ಕಿ ಬೆಂಕಿಯ ಮೇಲೆ ಚೆಲ್ಲಿತು, ಅವಳು ಏಳಲಿಲ್ಲ. ನಾಲ್ಕು ಸಾಲಿಗೆ ಅಷ್ಟು ಹೊತ್ತು ಬೇಡ, ಲಾಸ್ಟನ್. ಕಾಗದ ಉದ್ದವಿದೆ ಎಂದು ನನಗೆ ಅಲ್ಲೇ ಗೊತ್ತಾಯಿತು. ಇನ್ನೇನು ಬರೆದಿದ್ದಾನೆ ಎಂದು ಕೇಳಿದೆ. "ಇಷ್ಟೇ" ಎಂದಳು.

ಬೇರೆಯವರ ಹತ್ತಿರ ಓದಿಸೋಣವೆಂದರೆ, ಒಳಗೆ ಏನಿದೆಯೋ, ಊರಿಗೆಲ್ಲ ಹರಡಿದರೆ? ನಿನ್ನನ್ನೇ ಕೇಳೋಣವೆಂದರೆ, ನಿನ್ನ ಕಾಗದ ನಾನು ಓದಿಯೇ ಇಲ್ಲ ಎಂದು ಒಪ್ಪಿಕೊಳ್ಳಬೇಕು. ಆದ್ದರಿಂದಲೇ ಈ ಪೆಟ್ಟಿಗೆ ಮಾತಾಡಬೇಕು ಎಂದು ಕಾಯುತ್ತಿದ್ದೇನೆ. ನೀನು ಕೇಳಿದ್ದು ಏನು ಎಂಬುದು ನನಗೆ ಇವತ್ತಿಗೂ ಗೊತ್ತಿಲ್ಲ.

ಯೋತಾಮು


ಜೊಂಬಾ
ಜೂನ್ 14

ಕತ್ತೆ,

ಪರದೆ ಇಲ್ಲದಿದ್ದರೆ ಈ ಜಾತಿಯ ಪೆಟ್ಟಿಗೆ ದೊಡ್ಡ ಕೋಣೆಯ ಬಾಗಿಲು ತೆಗೆಯುವುದೇ ಇಲ್ಲ! ತೋರಿಸಲು ಜಾಗವೇ ಇಲ್ಲ ಎಂದು ಹೊರಗೇ ನಿಂತುಬಿಡುತ್ತದೆ. ಬಾಗಿಲು ತೆರೆಯದಿದ್ದರೆ ಓರ್ಕಾ ಏನನ್ನು ಓದಬೇಕು, ನಿನ್ನ ತಲೆಯನ್ನೆ? ನೀನು ನೋಡದಿದ್ದರೂ ಪರದೆ ಅಲ್ಲಿ ಇರಬೇಕು. ಮೂರು ತಿಂಗಳು, ಯೋತಾಮು. ಮೂರು ತಿಂಗಳು ನಾನು ತೂತು, ತಂತಿ, ಕೀಲಿ ಎಂದು ಚುಚ್ಚಿ ಚುಚ್ಚಿ ಕಳಿಸಿದೆ, ಆ ಪರದೆ ಅಲ್ಲಿ ಫುಟ್‌ಬಾಲ್ ತೋರಿಸುತ್ತಾ ಕೂತಿತ್ತು.

ಪರದೆ ಇದೆಯೇ ಎಂದು ನಾನೂ ಒಂದು ಸಲ ಕೇಳಲಿಲ್ಲ. ನಾನೂ ಕುರುಡನೇ ತಾನೆ. ಕಣ್ಣಿರುವ ಯಾರೇ ಆಗಲಿ ಮೊದಲನೇ ದಿನವೇ ಕೇಳುತ್ತಿದ್ದರು. ಲಿಲೊಂಗ್ವೆಯವನಿಗೆ ಇದನ್ನು ಹೇಳುವ ಧೈರ್ಯ ನನಗಿಲ್ಲ.

ಉಳಿದದ್ದನ್ನೂ ಓದಿದೆ. ಎರಡು ಸಲ ಓದಿದೆ. ನೀನು ಸಾಯುವ ಹಾಗಿದ್ದೆ ಎಂದು ನನಗೆ ಯಾರೂ ಹೇಳಲಿಲ್ಲ. ಹದಿನೇಳು ತಿಂಗಳು ನಿನ್ನನ್ನು ಬೈದುಕೊಂಡೇ ನಿದ್ದೆ ಮಾಡಿದ್ದೇನೆ.

ಆ ಈಮೇಲಿನಲ್ಲಿ ಇದ್ದದ್ದನ್ನು ಇಲ್ಲಿ ಮತ್ತೆ ಚುಚ್ಚಲಾರೆ. ಒಮ್ಮೆ ಕೇಳಿದ್ದನ್ನು ಇನ್ನೊಮ್ಮೆ ಕೇಳಲು ನನಗೆ ಬಾಯಿ ಬರುವುದಿಲ್ಲ. ಅದರಲ್ಲಿ ನ್ಯಾಗೊಂಡ್ವೆಯ ಬಗ್ಗೆ ಮಾತುಗಳಿವೆ. ಎಸ್ನಾತ್‌ಳ ಗೋರಿಯ ಮಣ್ಣು ಒಣಗುವ ಮೊದಲು ಬರೆದ ಮಾತುಗಳು, ಅವುಗಳನ್ನು ನೆನೆದರೆ ಈಗ ನಾಚಿಕೆಯಾಗುತ್ತದೆ. ಪರದೆ ತಂದು ಜೋಡಿಸು. ಯಂತ್ರ ಓದಲಿ. ಓದುವಾಗ ಸ್ಪೀಕರಿನ ತಿರುಗಣೆಯನ್ನು ಎಡಕ್ಕೆ ತಿರುಗಿಸಿ ಕಿವಿ ಹತ್ತಿರ ಇಟ್ಟುಕೋ. ಅವಳು ಮನೆಯಲ್ಲಿ ಇಲ್ಲದ ಹೊತ್ತು ನೋಡಿ ಓದಿಸು.

ಲಾಸ್ಟನ್


ರುಂಫಿ
ಜೂನ್ 29, ಶನಿವಾರ

ಲಾಸ್ಟನ್,

ಇದು ಬ್ರೈಲ್ ಅಲ್ಲ. ಕಂಪ್ಯೂಟರಿನಿಂದ ಬರೆಯುತ್ತಿದ್ದೇನೆ. ಒಂದೊಂದು ಅಕ್ಷರ ಒತ್ತಿದಾಗಲೂ ಓರ್ಕಾ ಅದರ ಹೆಸರು ಕೂಗುತ್ತಿದೆ. ಇಷ್ಟು ದಿನ ಮಾತಾಡು ಎಂದು ಬೇಡಿಕೊಂಡವನು ಈಗ ಬಾಯಿ ಮುಚ್ಚು ಎನ್ನುತ್ತಿದ್ದೇನೆ. ಅದನ್ನು ನಿಲ್ಲಿಸುವುದು ಹೇಗೆಂದು ಮುಂದಿನ ಸಲ ಬರೆ.

ಮೊನ್ನೆ ಗುರುವಾರ ನ್ಯಾಗೊಂಡ್ವೆಗೆ, "ಆ ಪರದೆ ಒಂದು ದಿನದ ಮಟ್ಟಿಗೆ ಬೇಕಿತ್ತು" ಎಂದೆ. ಯಾಕೆ ಎಂದು ಕೇಳಿದಳು. ಹಳೆಯ ಈಮೇಲ್ ಓದಬೇಕು ಎಂದೆ. ಅವಳು ತಟ್ಟೆಗಳನ್ನು ತೊಳೆದಳು, ತೊಳೆದ ತಟ್ಟೆಗಳನ್ನೇ ಮತ್ತೆ ತೊಳೆದಳು. ಕೊಡುವುದಿಲ್ಲ ಎಂದುಕೊಂಡೆ. ಆಫ್ರಿಕಾ ಕಪ್ಪಿನ ಆಟಗಳು ನಡೆಯುತ್ತಿವೆ, ಅಂಗಡಿ ತುಂಬ ಜನ, ಯಾವ ಹೆಂಗಸು ಕೊಡುತ್ತಾಳೆ?

ಇವತ್ತು ಮಧ್ಯಾಹ್ನ ಅವಳು ಪರದೆಯನ್ನು ತಲೆಯ ಮೇಲೆ ಹೊತ್ತುಕೊಂಡು ಬಂದಳು. ಹಿಂದೆ ನಾಲ್ಕು ಜನ ಗಿರಾಕಿಗಳು, "ಅಮ್ಮಾ, ಸಂಜೆ ಆಟ ಇದೆ ಅಮ್ಮಾ" ಎಂದು ಗೋಳಾಡುತ್ತಾ ನಮ್ಮ ಅಂಗಳದವರೆಗೂ ಬಂದರು. "ಆಟ ರೇಡಿಯೋದಲ್ಲಿ ಕೇಳ್ರೋ, ನಮ್ಮೆಜಮಾನ್ರು ಹುಟ್ಟಿದಾಗಿಂದ ಹಾಗೇ ಕೇಳ್ತಿಲ್ವಾ" ಎಂದು ಬಾಗಿಲು ಹಾಕಿದಳು. ತಂತಿಯನ್ನು ತಾನೇ ಸಿಕ್ಕಿಸಿದಳು. ಗುಂಡಿ ಒತ್ತಿದೆ. ಮೂವತ್ತೆರಡು ಎಣಿಸುವಷ್ಟರಲ್ಲಿ ಓರ್ಕಾ ಮಾತಾಡಿತು.

ಈಮೇಲುಗಳಲ್ಲಿ ಹಿಂದೆ ಹಿಂದೆ ಹೋದೆ. ನಿನ್ನ ಹೆಸರು ಬಂತು. ನೀನು ಹೇಳಿದ ಹಾಗೆ ಸ್ಪೀಕರಿನ ತಿರುಗಣೆಗೆ ಕೈ ಹಾಕಿದೆ. ಅವಳು ನನ್ನ ಕೈ ಹಿಡಿದಳು. "ಕಮ್ಮಿ ಮಾಡ್ಬೇಡಿ. ನಾನು ಒಂದ್ಸಲ ಕಣ್ಣಲ್ಲಿ ಓದಿದೀನಿ. ಈಗ ಕಿವೀಲಿ ಕೇಳ್ತೀನಿ" ಎಂದಳು.

ಅದು ಓದಿತು. ಎಲ್ಲವನ್ನೂ ಓದಿತು. 'ಆ ಫೋನನ್ನು ನುಂಗಿದವಳ ಮನೆಯಲ್ಲೂ ಇಂಥದ್ದೇ ಒಂದು ಹೆಣ ಬೀಳಲಿ' ಎಂಬುದನ್ನೂ, ಹವಾಮಾನ ವರದಿ ಓದುವ ಹಾಗೆ, ಒಂದಿಷ್ಟೂ ಸಿಟ್ಟಿಲ್ಲದೆ ಓದಿ ಮುಂದಕ್ಕೆ ಹೋಯಿತು. ಆಮೇಲೆ ನೀನು ಕೇಳಿದ್ದು ಬಂತು. 'ನನ್ನನ್ನು ಈ ಮನೆಗೆ ತಂದು ಸೇರಿಸಿದವನು ನೀನು. ನೀನು ಬಂದು ಇವರ ಎದುರು ಕೂತು ಬಿಡಿಸಿಕೊಂಡು ಹೋಗುವವರೆಗೆ ನಾನು ಇಲ್ಲಿಯ ಅಳಿಯನೂ ಅಲ್ಲ, ಹೊರಗಿನವನೂ ಅಲ್ಲ. ಅವಳ ಬಟ್ಟೆಗಳು ಗೂಟದಲ್ಲೇ ಇವೆ. ತೆಗೆಯುವ ಹಕ್ಕು ನನಗಿಲ್ಲ. ಬಾ, ಯೋತಾಮು.'

ಅಷ್ಟಕ್ಕೆ ಮುಗಿಯಿತು. ಮುಂದಿನದ್ದು ಯಾವುದೋ ಪುಸ್ತಕದಂಗಡಿಯ ಜಾಹೀರಾತು, ಅದನ್ನೂ ಓದಲು ಶುರು ಮಾಡಿತು. ನಿಲ್ಲಿಸಲು ಕೀಲಿ ತಡಕಾಡಿದೆ, ಸಿಗಲಿಲ್ಲ. ನ್ಯಾಗೊಂಡ್ವೆ ಅಳುತ್ತಿದ್ದಳು. ಅಳುತ್ತಲೇ ಸ್ಪೀಕರಿನ ತಂತಿ ಕಿತ್ತಳು.

"ನನ್ನ ಬೈದಿದ್ದನ್ನ ಮುಚ್ಚಿಡೋಕೆ ಹೋಗಿ ಅವರು ಕೇಳಿದ್ದನ್ನೂ ಮುಚ್ಚಿಟ್ಟೆ" ಎಂದಳು. "ಬೈಗುಳ ನನಗೆ ಬಂದಿದ್ದು. ಬಾ ಅಂದಿದ್ದು ನಿಮಗೆ ಬಂದಿತ್ತು. ಅದನ್ನ ಓದ್ಬೇಕಿತ್ತು." ಒಂದು ವರ್ಷಕ್ಕಿಂತ ಹೆಚ್ಚು ದಿನ ಅವಳ ಮೇಲೆ ಸಿಟ್ಟು ಇಟ್ಟುಕೊಂಡಿದ್ದೆ, ಅದು ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ. ಅವಳ ಕೈಗೆ ಅಂಗಡಿಯ ಎಣ್ಣೆಯ ವಾಸನೆ ಇತ್ತು. ಹಿಡಿದುಕೊಂಡೇ ಕೂತೆ.

ಶಾಲೆಗೆ ರಜೆ ಬಂದ ಮರುದಿನ, ಜುಲೈ 27ರ ಬಸ್ಸಿಗೆ ಇಬ್ಬರೂ ಹೊರಡುತ್ತೇವೆ. ಚಾಪೆಯ ಮೇಲೆ ನಾನು ಕೂರುತ್ತೇನೆ. ಫೋನು ತೆಗೆದವಳು ನಾನೇ ಎಂದು ನಿನ್ನ ಅತ್ತೆಗೆ ತನ್ನ ಬಾಯಲ್ಲೇ ಹೇಳುತ್ತಾಳಂತೆ. ಬೇಡ ಎಂದೆ. ಅವಳು ನನ್ನ ಮಾತು ಯಾವತ್ತು ಕೇಳಿದ್ದಾಳೆ?

ಹದಿನೇಳು ತಿಂಗಳು ತಡವಾಗಿ, ನಿನ್ನ ಈಮೇಲಿಗೆ ಇದು ಉತ್ತರ: ಬರುತ್ತಿದ್ದೇನೆ.

ಯೋತಾಮು


ಜೊಂಬಾ
ಜುಲೈ 1

ಯೋತಾಮು,

ಅಕ್ಷರ ಕೂಗುವುದನ್ನು ನಿಲ್ಲಿಸುವುದು ಹೇಗೆಂದು ನೀನು ಬಂದಾಗ ಹೇಳಿಕೊಡುತ್ತೇನೆ. ಬರೆದರೆ ನೀನು ಇನ್ನೇನನ್ನು ಕಿತ್ತು ಯಾರಿಗೆ ಕೊಡುತ್ತೀಯೋ.

ಪರದೆಯನ್ನು ನ್ಯಾಗೊಂಡ್ವೆಯ ಅಂಗಡಿಗೆ ವಾಪಸು ಕೊಡು. ಒಂದು ಸಣ್ಣ ಮೊಟಕು ಪ್ಲಗ್ಗು ಸಿಗುತ್ತದೆ, ಹೆಬ್ಬೆರಳಿನಷ್ಟಿದೆ. ಪೆಟ್ಟಿಗೆಯ ಬೆನ್ನಿಗೆ ಸಿಕ್ಕಿಸಿದರೆ ಸಾಕು, ಪರದೆ ಇದೆ ಎಂದೇ ಅದು ನಂಬುತ್ತದೆ. ನಿನಗಾಗಿ ಒಂದು ತೆಗೆದಿಟ್ಟಿದ್ದೇನೆ. ಅವಳಿಗೆ ಹೇಳು, ನಾನು ಬರೆದ ಆ ಮಾತಿಗೆ ಎದುರಿಗೇ ಕ್ಷಮೆ ಕೇಳುತ್ತೇನೆ.

ಅತ್ತೆಗೆ ಹೇಳಿದೆ. "ಬಿಡಿಸ್ಕೊಂಡು ಹೋಗ್ಲಿ, ಹೋಗ್ಬೇಕಾದ್ದೇ. ಆದ್ರೆ ಭಾನುವಾರ ಊಟಕ್ಕೆ ಇಲ್ಲಿಗೇ ಬರ್ಬೇಕು ಅಂತ ನಿಮ್ ಅಂಕೊಸ್ವೆ ಹತ್ರ ನಾನೇ ಮಾತಾಡ್ತೀನಿ" ಎಂದರು. ಎದ್ದು ಹೋಗಿ ಎಸ್ನಾತ್‌ಳ ಬಟ್ಟೆಗಳನ್ನು ಮುಟ್ಟಿ ಮುಟ್ಟಿ ಎಣಿಸಿದರು, ಅಲ್ಲೇ ಬಿಟ್ಟರು.

ಬಸ್ಸು ಹತ್ತಿದ ಕೂಡಲೇ ಫೋನು ಮಾಡು. ಆ ಹೆಂಗಸು ತೆಗೆಯುವುದಿಲ್ಲ, ನಾನೇ ತೆಗೆಯುತ್ತೇನೆ.

ಲಾಸ್ಟನ್